ಪ್ರತಿ ಟೆಸ್ಟ್‌ಗೂ ಒಂದು ಅಳತೆ, ಒಂದು ಗಡುವು: ಟೆಸ್ಟಿಂಗ್‌ನಲ್ಲಿ ಮುಂದೆ ಬರುವವರಿಗೆ 11 ಸೂತ್ರಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಿಇ, ಬಿಸಿಎ, ಡಿಪ್ಲೊಮಾ ಮುಗಿಸಿ ಬೆಂಗಳೂರು, ಪುಣೆಯ ಬಸ್ ಹತ್ತುವ ಅನೇಕರು ಮೊದಲು ಅರ್ಜಿ ಹಾಕುವುದು ಟೆಸ್ಟಿಂಗ್ ಹುದ್ದೆಗೆ. ಒಳ್ಳೆಯ ಆಯ್ಕೆ. ಆದರೆ ಸೆಲೆನಿಯಂ ಗೊತ್ತು, ಜಾವಾ ಗೊತ್ತು, ಪೈಥಾನ್ ಗೊತ್ತು ಎಂಬ ಸಾಲು ಇವತ್ತು ಎಲ್ಲರ ರೆಸ್ಯೂಮೆಯಲ್ಲೂ ಇದೆ. ನಿಮ್ಮದು ಬೇರೆಯಾಗಿ ಕಾಣಬೇಕಾದರೆ ಆಟೊಮೇಟೆಡ್ ಟೆಸ್ಟ್‌ಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ, ಪ್ರತಿಯೊಂದಕ್ಕೂ ಕಾಲಮಿತಿ ಹಾಕುವ ಶಿಸ್ತು ಬೆಳೆಸಿಕೊಳ್ಳಿ. ಅನುಭವಸ್ಥರ ಟೀಮ್‌ಗಳಲ್ಲೂ ಈ ಶಿಸ್ತು ಅಪರೂಪ. ಇದಕ್ಕೆ ದುಬಾರಿ ಕೋರ್ಸ್ ಬೇಡ, ಹೊಸ ಲ್ಯಾಪ್‌ಟಾಪ್ ಬೇಡ. ಊರಲ್ಲೇ ಕೂತು ಶುರು ಮಾಡಬಹುದು.

1. ಟೆಸ್ಟ್ ಬರೆಯುವ ಮೊದಲೇ ಅದರ ಅಳತೆ ಹೇಳಿ

ಸ್ಮಾಲ್, ಮೀಡಿಯಂ, ಲಾರ್ಜ್. ಮೂರರಲ್ಲಿ ಒಂದನ್ನು ಆರಿಸಿ, ಆಮೇಲೆ ಕೋಡ್ ಬರೆಯಿರಿ.

ಯುನಿಟ್, ಇಂಟಿಗ್ರೇಶನ್, ಫಂಕ್ಷನಲ್, ಸಿಸ್ಟಂ ಎಂಬ ಹೆಸರುಗಳಿಗೆ ಒಂದೊಂದು ಟೀಮ್‌ನಲ್ಲಿ ಒಂದೊಂದು ಅರ್ಥ. ಒಬ್ಬರ ಯುನಿಟ್ ಟೆಸ್ಟ್ ಇನ್ನೊಬ್ಬರಿಗೆ ಇಂಟಿಗ್ರೇಶನ್. ಈ ವಾದದಲ್ಲೇ ಮೀಟಿಂಗ್‌ಗಳು ಮುಗಿದುಹೋಗುತ್ತವೆ. ಗೂಗಲ್ ಕಂಪನಿ ಇದಕ್ಕೆ ನೇರ ದಾರಿ ಹಿಡಿಯಿತು. ಹೆಸರಿನ ಜಗಳ ಬಿಟ್ಟು, ಟೆಸ್ಟ್ ಏನೇನು ಬಳಸುತ್ತದೆ ಎಂಬುದರ ಮೇಲೆ ಮೂರು ಗಾತ್ರ ಮಾಡಿಕೊಂಡಿತು. ಈ ಪದ್ಧತಿಯನ್ನು 2010ರ ಡಿಸೆಂಬರ್‌ನಲ್ಲಿ ಹೊರಜಗತ್ತಿಗೆ ವಿವರಿಸಿದವರು ಸೈಮನ್ ಸ್ಟೀವರ್ಟ್. ನೀವು ಕಾಲೇಜಿನಲ್ಲಿ ಕಲಿಯುವ ವೆಬ್‌ಡ್ರೈವರ್ ಅನ್ನು ಹುಟ್ಟುಹಾಕಿದವರೂ ಅವರೇ. ಬ್ರೌಸರ್ ಟೆಸ್ಟ್‌ಗಳ ಬಲ, ಭಾರ ಎರಡನ್ನೂ ಬಲ್ಲವರ ಮಾತು ಇದು. ಗಂಭೀರವಾಗಿ ತೆಗೆದುಕೊಳ್ಳಿ.

2. ಗಾತ್ರವನ್ನು ಸಾಲು ಎಣಿಸಿ ಅಳೆಯಬೇಡಿ

ಐದೇ ಸಾಲಿನ ಟೆಸ್ಟ್ ಕೂಡ ಲಾರ್ಜ್ ಆಗಬಹುದು. ನೂರು ಸಾಲಿನದು ಸ್ಮಾಲ್ ಆಗಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಈ ಟೆಸ್ಟ್ ಓಡಲು ಹೊರಗಿನಿಂದ ಏನೇನು ಬೇಕು?

ಇಂಡಿಯ ಲಿಂಬೆ ಮಾರುಕಟ್ಟೆಯ ಒಂದು ಅಡತ್ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ರೈತ 40 ಚೀಲ ತಂದ. ಚೀಲಕ್ಕೆ 650 ರೂಪಾಯಿ ದರ ಸಿಕ್ಕಿತು. ಹಮಾಲಿ ಚೀಲಕ್ಕೆ 8 ರೂಪಾಯಿ. ಒಟ್ಟು 26,000ದಲ್ಲಿ 320 ಕಳೆದು ಕೈಗೆ 25,680 ಬರಬೇಕು. ಈ ಲೆಕ್ಕವನ್ನಷ್ಟೇ ಪರೀಕ್ಷಿಸುವುದು ಸ್ಮಾಲ್ ಟೆಸ್ಟ್. ಅದಕ್ಕೆ ನೆಟ್‌ವರ್ಕ್ ಇಲ್ಲ, ಡೇಟಾಬೇಸ್ ಇಲ್ಲ, ಫೈಲ್ ಇಲ್ಲ, ಎರಡನೇ ಥ್ರೆಡ್ ಇಲ್ಲ, ಸ್ಲೀಪ್ ಇಲ್ಲ. ಮೆಮೊರಿಯಲ್ಲೇ ಶುರು, ಮೆಮೊರಿಯಲ್ಲೇ ಮುಕ್ತಾಯ.

ಅದೇ ಲೆಕ್ಕದ ಪಟ್ಟಿಯನ್ನು ನಿಮ್ಮ ಮಷಿನ್‌ನಲ್ಲಿರುವ ಡೇಟಾಬೇಸ್‌ಗೆ ಬರೆದು, ಮತ್ತೆ ಓದಿ, 25,680 ಹಾಗೇ ಇದೆಯೇ ಎಂದು ನೋಡುವುದು ಮೀಡಿಯಂ. ಇಲ್ಲಿ ಡೇಟಾಬೇಸ್, ಫೈಲ್, ಥ್ರೆಡ್ ಎಲ್ಲಕ್ಕೂ ಅನುಮತಿ ಇದೆ. ಆದರೆ ಒಂದೇ ಮಷಿನ್ ಒಳಗೆ, ಲೋಕಲ್‌ಹೋಸ್ಟ್ ದಾಟದಂತೆ.

ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಪಟ್ಟಿ ಮಾಡಿ, ಬೇರೆ ಸರ್ವರ್‌ನಲ್ಲಿರುವ ಸೇವೆಯ ಮೂಲಕ ರೈತನ ಮೊಬೈಲ್‌ಗೆ ಎಸ್‌ಎಂಎಸ್ ಹೋಯಿತೇ ಎಂದು ನೋಡುವುದು ಲಾರ್ಜ್. ಇದೂ ಬೇಕು. ಆದರೆ ಒಂದೋ ಎರಡೋ ಸಾಕು. ಹಮಾಲಿ ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಪ್ರತಿ ಸಲ ಬ್ರೌಸರ್ ತೆರೆಯುವವರು ತಮ್ಮ ದಿನವನ್ನೇ ಕಳೆದುಕೊಳ್ಳುತ್ತಾರೆ.

3. ಗಾತ್ರದ ಜೊತೆಗೇ ಗಡುವು ಕೊಡಿ

ಈ ನಾಲ್ಕು ಅಂಕಿ ಬಾಯಿಪಾಠ ಮಾಡಿ: 60, 300, 900, 3600. ಎಲ್ಲವೂ ಸೆಕೆಂಡ್‌ಗಳು.

ಗೂಗಲ್ 2015ರಲ್ಲಿ ಎಲ್ಲರಿಗೂ ತೆರೆದ ಬೇಜಲ್ ಎಂಬ ಬಿಲ್ಡ್ ಟೂಲ್‌ನ ಪದ್ಧತಿ ಇದು. ಸ್ಮಾಲ್‌ಗೆ 1 ನಿಮಿಷ, ಮೀಡಿಯಂಗೆ 5, ಲಾರ್ಜ್‌ಗೆ 15, ಎನಾರ್ಮಸ್ ಎಂಬ ನಾಲ್ಕನೇ ಗುಂಪಿಗೆ 60 ನಿಮಿಷ. ಗಾತ್ರ ಹೇಳದೆ ಬಿಟ್ಟರೆ ಬೇಜಲ್ ಅದನ್ನು ಮೀಡಿಯಂ ಎಂದೇ ಹಿಡಿಯುತ್ತದೆ. ಗಡುವು ಮೀರಿದ ಟೆಸ್ಟ್ ಫೇಲ್. ಮಾತುಕತೆ ಇಲ್ಲ.

ನಮ್ಮ ರಾಜ್ಯದ ಸಕಾಲ ಯೋಜನೆ ನಿಮಗೆ ಗೊತ್ತಿದೆ. 2011ರ ಕಾಯ್ದೆಯ ಆಧಾರದ ಮೇಲೆ 2012ರ ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ಬಂದದ್ದು. ಅಲ್ಲಿ ಪ್ರತಿ ಸೇವೆಗೂ ಅದರದೇ ದಿನಗಳ ಮಿತಿ ಇದೆ. ಅರ್ಜಿ ಹಾಕಿದ ಕೂಡಲೇ ನಂಬರ್ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಾಗರಿಕನಿಗೆ ಇದೆ. ಎಲ್ಲ ಸೇವೆಗೂ ಒಂದೇ ಮಿತಿ ಹಾಕಿದ್ದರೆ ಸುಲಭದ ಕೆಲಸವೂ ಕಷ್ಟದ ಕೆಲಸದಷ್ಟೇ ದಿನ ಎಳೆಯುತ್ತಿತ್ತು. ಟೆಸ್ಟ್‌ಗಳಿಗೂ ಹಾಗೆಯೇ, ಕೆಲಸ ನೋಡಿ ಮಿತಿ ಹಾಕಿ. ಮೀರಿದರೆ ಏನಾಗುತ್ತದೆ ಎಂಬುದನ್ನೂ ಮೊದಲೇ ನಿಗದಿ ಮಾಡಿ.

ನೆನಪಿರಲಿ, 60 ಸೆಕೆಂಡ್ ಎಂಬುದು ಹೊರಗಿನ ಗೋಡೆ. ಒಳ್ಳೆಯ ಸ್ಮಾಲ್ ಟೆಸ್ಟ್ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಮುಗಿಯುತ್ತದೆ. ಆ್ಯಂಡ್ರಾಯ್ಡ್‌ನ ಟೆಸ್ಟ್ ಲೈಬ್ರರಿಯಲ್ಲಿ ಇದೇ ಮೂರು ಹೆಸರುಗಳಿಗೆ ಇನ್ನೂ ಬಿಗಿಯಾದ ಅಳತೆ ಇದೆ: ಸ್ಮಾಲ್ 200 ಮಿಲಿಸೆಕೆಂಡ್ ಒಳಗೆ, ಮೀಡಿಯಂ 1 ಸೆಕೆಂಡ್ ಒಳಗೆ, ಅದಕ್ಕಿಂತ ಹೆಚ್ಚು ಹಿಡಿದರೆ ಲಾರ್ಜ್. ನಿಮ್ಮ ಪ್ರಾಜೆಕ್ಟ್‌ಗೆ ಹೊಂದುವ ಅಂಕಿ ಆರಿಸಿ, ಬರೆದಿಡಿ, ಎಲ್ಲರಿಗೂ ಕಾಣುವಂತೆ ಇಡಿ.

4. ಸ್ಮಾಲ್ ಟೆಸ್ಟ್ ನಿಮ್ಮ ಶಕ್ತಿ. ಅಲ್ಲಿಂದಲೇ ಶುರು ಮಾಡಿ

"ನಮ್ಮೂರಲ್ಲಿ ನೆಟ್ ಸರಿ ಇಲ್ರೀ, ಕರೆಂಟ್ ಹೋಗತೈತಿ, ಲ್ಯಾಪ್‌ಟಾಪ್ ಹಳೇದು" ಎಂಬ ಮಾತು ಇವತ್ತಿಗೇ ನಿಲ್ಲಿಸಿ. ಸ್ಮಾಲ್ ಟೆಸ್ಟ್‌ಗೆ ನೆಟ್ ಬೇಡವೇ ಬೇಡ. 4 ಜಿಬಿ ರ್‍ಯಾಮ್ ಇರುವ ಹಳೆಯ ಮಷಿನ್ ಧಾರಾಳ ಸಾಕು. ಬೇಜಲ್ ಒಂದು ಸ್ಮಾಲ್ ಟೆಸ್ಟ್‌ಗೆ ಬೇಕೆಂದು ಅಂದಾಜಿಸುವ ಮೆಮೊರಿ ಬರೀ 20 ಎಂಬಿ. ಬ್ಯಾಟರಿ ಇರುವಷ್ಟು ಹೊತ್ತಿನಲ್ಲಿ ನೂರಾರು ಸಲ ಓಡಿಸಬಹುದು. ಅನುಮಾನ ಒಂದು ಅಭ್ಯಾಸ. ದಿನಾ ಹತ್ತು ಸ್ಮಾಲ್ ಟೆಸ್ಟ್ ಬರೆಯುವ ಅಭ್ಯಾಸವನ್ನು ಅದರ ಜಾಗದಲ್ಲಿ ಕೂರಿಸಿ.

ಏನನ್ನು ಟೆಸ್ಟ್ ಮಾಡಲಿ ಎನ್ನುತ್ತೀರಾ? ನಿಮ್ಮ ತಾಲ್ಲೂಕಿನ ಹೆಸರಿನಿಂದಲೇ ಶುರು ಮಾಡಿ.

ಮುದ್ದೇಬಿಹಾಳ ಎಂಬ ಹೆಸರು ಕಣ್ಣಿಗೆ ಐದು ಅಕ್ಷರ. ಯುನಿಕೋಡ್‌ನಲ್ಲಿ ಅದು 11 ಕೋಡ್ ಪಾಯಿಂಟ್: ಮಕಾರ, ಉಕಾರದ ಚಿಹ್ನೆ, ದಕಾರ, ವಿರಾಮ, ಮತ್ತೆ ದಕಾರ, ಹೀಗೆ ಕೊನೆಯ ಳಕಾರದವರೆಗೆ. ಯುಟಿಎಫ್-8ನಲ್ಲಿ ಇಟ್ಟರೆ 33 ಬೈಟ್. ಯಾರೋ ಡೆವಲಪರ್ "ಊರ ಹೆಸರಿಗೆ 10 ಸಾಕು" ಎಂದು ಮಿತಿ ಹಾಕಿದ್ದರೆ ಪ್ರಿಂಟ್ ಆಗುವುದು "ಮುದ್ದೇಬಿಹಾ". ಇಂಡಿ 4 ಕೋಡ್ ಪಾಯಿಂಟ್, ಸಿಂದಗಿ 6. ಅವೆರಡೂ ಪಾಸ್ ಆಗುತ್ತವೆ. ಬಸವನ ಬಾಗೇವಾಡಿ ನಡುವಿನ ಸ್ಪೇಸ್ ಸೇರಿ 13, ಅದೂ ತುಂಡಾಗುತ್ತದೆ. ನಾಲ್ಕು ತಾಲ್ಲೂಕು, ನಾಲ್ಕು ಟೆಸ್ಟ್, ಒಂದು ನಿಜವಾದ ಬಗ್.

ಇನ್ನೂ ಒಳಗೆ ಹೋಗಿ. "ಗೇ" ಅಕ್ಷರದ ಏತ್ವವನ್ನು ಒಂದೇ ಕೋಡ್‌ನಲ್ಲೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ಕೋಡ್‌ಗಳಲ್ಲೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ನಾರ್ಮಲೈಸ್ ಮಾಡದ ಆ್ಯಪ್‌ನಲ್ಲಿ ಬಾಗೇವಾಡಿ ಎಂದು ಹುಡುಕಿದರೆ ಬಾಗೇವಾಡಿಯೇ ಸಿಗುವುದಿಲ್ಲ. ಈ ಟೆಸ್ಟ್ ಮುಗಿಯಲು ಒಂದು ಮಿಲಿಸೆಕೆಂಡ್ ಕೂಡ ಬೇಕಿಲ್ಲ. ಕನ್ನಡ ಓದಿ ಬರೆಯುವ ಟೆಸ್ಟರ್‌ಗೆ ಇದು ತಕ್ಷಣ ಹೊಳೆಯುತ್ತದೆ, ಉಳಿದವರಿಗೆ ಹೊಳೆಯುವುದು ಕಷ್ಟ. ನಿಮ್ಮ ಭಾಷೆ ಇಲ್ಲಿ ನೇರವಾಗಿ ನಿಮ್ಮ ಸ್ಕಿಲ್.

ಎಸ್‌ಎಂಎಸ್ ಕೂಡ ನೋಡಿ. ಇಂಗ್ಲಿಷ್ ಸಂದೇಶಕ್ಕೆ ಒಂದು ಎಸ್‌ಎಂಎಸ್‌ನಲ್ಲಿ 160 ಕ್ಯಾರೆಕ್ಟರ್ ಹಿಡಿಸುತ್ತದೆ. ಕನ್ನಡಕ್ಕೆ 70 ಮಾತ್ರ. 71 ಆದ ಕೂಡಲೇ ಎರಡು ಎಸ್‌ಎಂಎಸ್‌ನ ಖರ್ಚು. 69, 70, 71 ಮೂರಕ್ಕೂ ಸ್ಮಾಲ್ ಟೆಸ್ಟ್ ಬರೆಯಿರಿ.

ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ನೀರಿನ ಮಟ್ಟ ತೋರಿಸುವ ಪ್ರೋಗ್ರಾಂ ಮಾಡಿದರೆ 519.59, 519.60, 519.61 ಮೂರನ್ನೂ ಕೊಟ್ಟು ನೋಡಿ. ದಶಮಾಂಶದ ಹೋಲಿಕೆ ಕೈಕೊಡಬಹುದು ಅನ್ನಿಸಿದರೆ ಸೆಂಟಿಮೀಟರ್‌ಗೆ ಬದಲಿಸಿ 51960 ಎಂಬ ಪೂರ್ಣಾಂಕವನ್ನೇ ಹೋಲಿಸಿ. ಬೌಂಡರಿ ವ್ಯಾಲ್ಯೂ ಎಂಬ ಪಠ್ಯಪುಸ್ತಕದ ಪದ ಇಷ್ಟೇ.

5. ಸ್ಲೀಪ್ ತೆಗೆದುಹಾಕಿ

ನೂರು ಟೆಸ್ಟ್‌ಗಳಲ್ಲಿ ತಲಾ 3 ಸೆಕೆಂಡ್ ಸ್ಲೀಪ್ ಇದ್ದರೆ 5 ನಿಮಿಷ ವ್ಯರ್ಥ. ದಿನಕ್ಕೆ 12 ಸಲ ಓಡಿಸಿದರೆ ಒಂದು ಗಂಟೆ. ತಿಂಗಳಿಗೆ ಎಷ್ಟಾಯಿತು, ನೀವೇ ಗುಣಿಸಿ ನಿಮ್ಮ ಮ್ಯಾನೇಜರ್‌ಗೆ ತೋರಿಸಿ.

ಸೆಲೆನಿಯಂನಲ್ಲಿ ಎಕ್ಸ್‌ಪ್ಲಿಸಿಟ್ ವೇಟ್ ಬಳಸಿ. ಅದು ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡಿ, ಬಟನ್ ಬಂದ ಕೂಡಲೇ ಮುಂದಕ್ಕೆ ಹೋಗುತ್ತದೆ. ದಿನಾಂಕದ ಲಾಜಿಕ್ ಇದ್ದರೆ ಗಡಿಯಾರವನ್ನೇ ಹೊರಗಿನಿಂದ ಕೊಡಿ. "ಏಳು ದಿನದೊಳಗೆ ಹಣ ಪಾವತಿಯಾಗದಿದ್ದರೆ ಎಚ್ಚರಿಕೆ ತೋರಿಸು" ಎಂಬ ನಿಯಮಕ್ಕೆ ಏಳು ದಿನ ಕಾಯುವವರು ಯಾರೂ ಇಲ್ಲ. ಜಾವಾ 8ರಿಂದ ಇರುವ ಕ್ಲಾಕ್ ಕ್ಲಾಸ್‌ನಲ್ಲಿ ಸಮಯವನ್ನು ನಿಲ್ಲಿಸಬಹುದು, ಬೇಕಾದ ದಿನಕ್ಕೆ ಇಡಬಹುದು. ಆಗ ಮೀಡಿಯಂ ಎಂದುಕೊಂಡಿದ್ದ ಟೆಸ್ಟ್ ಸ್ಮಾಲ್ ಆಗುತ್ತದೆ.

6. ಮೊದಲು ಅಳೆಯಿರಿ, ಆಮೇಲೆ ಮಿತಿ ಹಾಕಿ

ಅಂದಾಜಿನ ಮೇಲೆ ಗಡುವು ಹಾಕಬೇಡಿ. ಪೈಟೆಸ್ಟ್‌ನ ಡ್ಯುರೇಶನ್ಸ್ ಆಯ್ಕೆಗೆ 10 ಎಂದು ಕೊಡಿ. ಅತಿ ನಿಧಾನದ ಹತ್ತು ಹಂತಗಳು ಎದುರಿಗೆ ಬರುತ್ತವೆ. ಅಲ್ಲಿ ಕಾಣುವ ಒಂದೊಂದು ಟೆಸ್ಟ್ ಅನ್ನೂ ಇಪ್ಪತ್ತು ಸಲ ಓಡಿಸಿ. ಅತಿ ಹೆಚ್ಚು ಹಿಡಿದ ಸಮಯ ಗುರುತು ಹಾಕಿಕೊಳ್ಳಿ. ಅದರ ಎರಡು ಮೂರು ಪಟ್ಟು ಗಡುವು ಸಾಮಾನ್ಯವಾಗಿ ಸಾಕು. ಆ ಗಡುವು ಟೆಸ್ಟ್‌ನ ಗುಂಪಿನ ಮಿತಿ ಮೀರಿದರೆ ಟೆಸ್ಟ್ ಅನ್ನು ಒಡೆಯಿರಿ.

ತೀರಾ ಬಿಗಿ ಮಾಡಿದರೆ ಸರ್ವರ್ ಸ್ವಲ್ಪ ಬ್ಯುಸಿ ಆದಾಗೆಲ್ಲ ಸುಮ್ಮನೆ ಫೇಲ್ ಆಗುತ್ತದೆ. ತೀರಾ ಸಡಿಲ ಬಿಟ್ಟರೆ ಸಿಕ್ಕಿಹಾಕಿಕೊಂಡ ಟೆಸ್ಟ್ ಒಂದು ಗಂಟೆ ಮಷಿನ್ ಹಿಡಿದು ಕೂರುತ್ತದೆ. ಎರಡನೆಯದೇ ಹೆಚ್ಚು ಅಪಾಯ ಎಂದು ನಾನು ಹೇಳುತ್ತೇನೆ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

7. ನಿಮ್ಮ ಟೂಲ್‌ನ ಡಿಫಾಲ್ಟ್ ಗಡುವು ತಿಳಿದುಕೊಳ್ಳಿ

ಮೋಕಾ 2 ಸೆಕೆಂಡ್. ಜೆಸ್ಟ್ 5 ಸೆಕೆಂಡ್. ಪ್ಲೇರೈಟ್ 30 ಸೆಕೆಂಡ್. ಗೋ ಭಾಷೆಯ ಟೆಸ್ಟ್ ಕಮಾಂಡ್‌ಗೆ 10 ನಿಮಿಷ. ಗಿಟ್‌ಹಬ್ ಆ್ಯಕ್ಷನ್ಸ್‌ನ ಒಂದು ಜಾಬ್‌ಗೆ 360 ನಿಮಿಷ, ಅಂದರೆ ಆರು ಗಂಟೆ! ಪೈಟೆಸ್ಟ್‌ಗೆ ತಾನಾಗಿ ಯಾವ ಗಡುವೂ ಇಲ್ಲ. ಟೈಮ್‌ಔಟ್ ಪ್ಲಗಿನ್ ಹಾಕಿಕೊಳ್ಳಬೇಕು. ಜೆಯುನಿಟ್ 5ರಲ್ಲಿ ಟೈಮ್‌ಔಟ್ ಅನೊಟೇಶನ್ ಇದೆ. ಅದನ್ನು ಕ್ಲಾಸ್ ಮೇಲೊಮ್ಮೆ ಹಾಕಿದರೆ ಒಳಗಿನ ಟೆಸ್ಟ್‌ಗಳಿಗೆಲ್ಲ ಅನ್ವಯ.

ಆರು ಗಂಟೆಯ ಡಿಫಾಲ್ಟ್ ಅನ್ನು ಇವತ್ತೇ 15 ನಿಮಿಷಕ್ಕೆ ಇಳಿಸಿ. ಒಂದೇ ಸಾಲಿನ ಬದಲಾವಣೆ.

8. ಲೇಬಲ್ ಹಚ್ಚಿ, ಟೂಲ್‌ನಿಂದ ಕಾವಲು ಹಾಕಿಸಿ

ಪೈಟೆಸ್ಟ್‌ನಲ್ಲಿ ಮಾರ್ಕರ್, ಜೆಯುನಿಟ್ 5ರಲ್ಲಿ ಟ್ಯಾಗ್. ಇದರಿಂದ ಸ್ಮಾಲ್ ಮಾತ್ರ ಓಡಿಸು ಎಂದು ಒಂದೇ ಕಮಾಂಡ್‌ನಲ್ಲಿ ಹೇಳಬಹುದು. ಆದರೆ ಲೇಬಲ್ ಹಚ್ಚಿದ ಮಾತ್ರಕ್ಕೆ ಟೆಸ್ಟ್ ಸ್ಮಾಲ್ ಆಗುವುದಿಲ್ಲ. ಸಾಕೆಟ್ ತೆರೆಯುವುದನ್ನೇ ತಡೆಯುವ ಪ್ಲಗಿನ್ ಪೈಟೆಸ್ಟ್‌ಗೆ ಇದೆ. ಸ್ಮಾಲ್ ಗುಂಪಿನ ಮೇಲೆ ಅದನ್ನು ಹಾಕಿ. ಒಳಗೊಳಗೇ ನೆಟ್‌ವರ್ಕ್ ಮುಟ್ಟುವ ಟೆಸ್ಟ್ ತಕ್ಷಣ ಸಿಕ್ಕಿಬೀಳುತ್ತದೆ.

ವೈಫೈ ಆಫ್ ಮಾಡಿ ಸ್ಮಾಲ್ ಗುಂಪು ಓಡಿಸಿ ನೋಡಿ. ಪ್ಲಗಿನ್ ಇಲ್ಲದವರಿಗೆ ಇದೇ ಪರೀಕ್ಷೆ.

9. ಗಡುವು ಮೀರಿದರೆ ಗಡುವು ಹೆಚ್ಚಿಸಬೇಡಿ, ಕಾರಣ ಹುಡುಕಿ

ಟೆಸ್ಟ್ 60 ಸೆಕೆಂಡ್ ಮೀರಿತು. ಸುಲಭದ ದಾರಿ: 60 ಅಳಿಸಿ 120 ಬರೆಯುವುದು. ಮುಂದಿನ ತಿಂಗಳು 240. ಈ ದಾರಿ ಹಿಡಿಯಬೇಡಿ. ಟೈಮ್‌ಔಟ್ ಎಂದರೆ ಸಿಸ್ಟಂ ನಿಮಗೆ ಕೊಡುತ್ತಿರುವ ಸುದ್ದಿ. ಅದನ್ನು ಓದಲು ಕಲಿಯಿರಿ.

ಗೋ ಭಾಷೆ ಗಡುವು ಮೀರಿದಾಗ ಓಡುತ್ತಿದ್ದ ಎಲ್ಲ ಗೋರೂಟಿನ್‌ಗಳ ಸ್ಟ್ಯಾಕ್ ಅನ್ನು ಪ್ರಿಂಟ್ ಮಾಡುತ್ತದೆ. ಪೈಟೆಸ್ಟ್‌ನ ಟೈಮ್‌ಔಟ್ ಪ್ಲಗಿನ್ ಕೂಡ ಸ್ಟ್ಯಾಕ್ ತೋರಿಸುತ್ತದೆ. ಜಾವಾದಲ್ಲಿ ಥ್ರೆಡ್ ಡಂಪ್ ತೆಗೆಯಿರಿ. ಮೂರು ಸಂಗತಿ ನೋಡಿ. ಎರಡು ಥ್ರೆಡ್ ಒಂದಕ್ಕೊಂದು ಕಾಯುತ್ತಾ ಡೆಡ್‌ಲಾಕ್ ಆಗಿದೆಯೇ? ಬಾರದ ಉತ್ತರಕ್ಕಾಗಿ ನೆಟ್‌ವರ್ಕ್ ಕಾಲ್ ಕಾಯುತ್ತಿದೆಯೇ? ಅಥವಾ ಕೋಡ್ ನಿಜಕ್ಕೂ ನಿಧಾನವಾಗಿದೆಯೇ? ಮೂರನೆಯದಾಗಿದ್ದರೆ ನಿಮಗೆ ಸಿಕ್ಕಿದ್ದು ಪರ್ಫಾರ್ಮೆನ್ಸ್ ಬಗ್. ಗ್ರಾಹಕನಿಗಿಂತ ಮೊದಲು ನಿಮಗೇ ಸಿಕ್ಕಿತು. ಸ್ಟ್ಯಾಕ್ ಸಮೇತ ರಿಪೋರ್ಟ್ ಕಳಿಸಿ. "ಟೆಸ್ಟ್ ಫೇಲ್ ಆಯಿತು" ಎಂದು ಬರೆಯುವವರಿಗೂ "ಇಂಥ ಸಾಲಿನಲ್ಲಿ ಡೇಟಾಬೇಸ್ ಕನೆಕ್ಷನ್‌ಗಾಗಿ 58 ಸೆಕೆಂಡ್ ಕಾಯಿತು" ಎಂದು ಬರೆಯುವವರಿಗೂ ಸಿಗುವ ಮರ್ಯಾದೆ ಒಂದೇ ಅಲ್ಲ.

10. ಫ್ಲೇಕಿ ಟೆಸ್ಟ್‌ಗಳನ್ನು ಗಾತ್ರದ ಕಡೆಯಿಂದ ಹಿಡಿಯಿರಿ

ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್ ಫ್ಲೇಕಿ. ಗೂಗಲ್ 2016ರಲ್ಲಿ ಹೇಳಿಕೊಂಡಂತೆ ಅಲ್ಲಿನ ಟೆಸ್ಟ್‌ಗಳಲ್ಲಿ ಹತ್ತಿರ ಹತ್ತಿರ 16 ಪ್ರತಿಶತಕ್ಕೆ ಸ್ವಲ್ಪವಾದರೂ ಈ ದೋಷ ಇತ್ತು. 2017ರಲ್ಲಿ ಅದೇ ಕಂಪನಿ ಗಾತ್ರದ ಪ್ರಕಾರ ಲೆಕ್ಕ ಕೊಟ್ಟಿತು: ಸ್ಮಾಲ್ ಟೆಸ್ಟ್‌ಗಳಲ್ಲಿ ಫ್ಲೇಕಿ 0.5 ಪ್ರತಿಶತ, ಮೀಡಿಯಂನಲ್ಲಿ 1.6, ಲಾರ್ಜ್‌ನಲ್ಲಿ 14.

ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿ. ಸ್ಮಾಲ್‌ನಿಂದ ಲಾರ್ಜ್‌ಗೆ ಹೋದರೆ ತೊಂದರೆ 28 ಪಟ್ಟು. ಹಾಗಾಗಿ ಫ್ಲೇಕಿ ಟೆಸ್ಟ್ ಸಿಕ್ಕಾಗ ರೀಟ್ರೈ ಹಾಕಿ ಕೈತೊಳೆದುಕೊಳ್ಳಬೇಡಿ. ಇದನ್ನು ಒಂದು ಗಾತ್ರ ಕೆಳಗೆ ಇಳಿಸಬಹುದೇ ಎಂದು ಮೊದಲು ಕೇಳಿ. ಲಿಂಬೆ ಪಟ್ಟಿಯ ಲಾರ್ಜ್ ಟೆಸ್ಟ್‌ನಲ್ಲಿ ಹಮಾಲಿ ಲೆಕ್ಕ, ಹೆಸರಿನ ಉದ್ದ, ಎಸ್‌ಎಂಎಸ್ ಮಿತಿ ಎಲ್ಲ ತುರುಕಿದ್ದರೆ ಒಂದೊಂದನ್ನೇ ಹೊರಗೆ ತೆಗೆದು ಸ್ಮಾಲ್ ಮಾಡಿ. ಲಾರ್ಜ್‌ನಲ್ಲಿ ಉಳಿಯಬೇಕಾದ್ದು "ಎಲ್ಲ ಭಾಗಗಳೂ ಒಂದಕ್ಕೊಂದು ಕೂಡಿಕೊಂಡಿವೆ" ಎಂಬ ಒಂದೇ ಖಾತರಿ.

ಎಷ್ಟು ಇರಬೇಕು? ಗೂಗಲ್‌ನ ಟೆಸ್ಟಿಂಗ್ ಬಗ್ಗೆ 2012ರಲ್ಲಿ ಬಂದ ಪುಸ್ತಕ ಸ್ಮಾಲ್ 70, ಮೀಡಿಯಂ 20, ಲಾರ್ಜ್ 10 ಎಂದಿತು. ಅಲ್ಲಿನ ಎಂಜಿನಿಯರ್‌ಗಳೇ ಬರೆದ 2020ರ ಪುಸ್ತಕ ಸುಮಾರು 80, 15, 5ರ ಕಡೆಗೆ ವಾಲಿತು, ಯುನಿಟ್, ಇಂಟಿಗ್ರೇಶನ್, ಎಂಡ್ ಟು ಎಂಡ್ ಎಂಬ ಲೆಕ್ಕದಲ್ಲಿ. ಬ್ಯಾಂಕಿಂಗ್ ಪ್ರಾಜೆಕ್ಟ್‌ಗೂ ಗೇಮ್ ಪ್ರಾಜೆಕ್ಟ್‌ಗೂ ಅನುಪಾತ ಬೇರೆಯಾಗುತ್ತದೆ. ದಿಕ್ಕು ಮಾತ್ರ ಒಂದೇ: ಕೆಳಗೆ ಅಗಲ, ಮೇಲೆ ಚೂಪು.

ಯಾವುದನ್ನು ಯಾವಾಗ ಓಡಿಸಬೇಕು ಎಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ. ಫೈಲ್ ಸೇವ್ ಮಾಡಿದಾಗ ಸ್ಮಾಲ್. ಕೋಡ್ ಕಳಿಸುವ ಮುನ್ನ ಸ್ಮಾಲ್ ಮತ್ತು ಮೀಡಿಯಂ. ಲಾರ್ಜ್ ರಾತ್ರಿ, ಹಾಗೂ ರಿಲೀಸ್‌ಗೆ ಮುಂಚೆ.

11. ಈ ವಾರವೇ ಒಂದು ಪ್ರಾಜೆಕ್ಟ್ ಮಾಡಿ, ಸಂದರ್ಶನಕ್ಕೆ ಒಯ್ಯಿರಿ

ಸೋಮವಾರ ಲೆಕ್ಕದ ಕೋಡ್ ಬರೆಯಿರಿ. ಲಿಂಬೆ ಪಟ್ಟಿ ಆಗಬಹುದು, ತೊಗರಿ ತೂಕ ಆಗಬಹುದು, ನಿಮ್ಮ ಕಾಲೇಜಿನ ಹಾಜರಾತಿ ಆಗಬಹುದು. ಮಂಗಳವಾರ, ಬುಧವಾರ ಇಪ್ಪತ್ತು ಸ್ಮಾಲ್ ಟೆಸ್ಟ್. ಗುರುವಾರ ಮೂರು ಮೀಡಿಯಂ. ಶುಕ್ರವಾರ ಒಂದೇ ಒಂದು ಲಾರ್ಜ್. ಶನಿವಾರ ಗಿಟ್‌ಹಬ್‌ಗೆ ಹಾಕಿ. ಪಬ್ಲಿಕ್ ಪ್ರಾಜೆಕ್ಟ್‌ಗಳಿಗೆ ಅಲ್ಲಿನ ಸಾಮಾನ್ಯ ರನ್ನರ್‌ಗಳು ಉಚಿತ, ಹಾಗಾಗಿ ಪ್ರತಿ ಕಮಿಟ್‌ಗೂ ಟೆಸ್ಟ್ ಓಡುವಂತೆ ಮಾಡಿ.

ಸಂದರ್ಶನದಲ್ಲಿ "ನಿಮ್ಮ ಫ್ರೇಮ್‌ವರ್ಕ್ ವಿವರಿಸಿ" ಎಂದಾಗ ಟೂಲ್‌ಗಳ ಹೆಸರು ಒಪ್ಪಿಸಬೇಡಿ. "ಸರ್, 24 ಟೆಸ್ಟ್ ಇವೆ. ಇಪ್ಪತ್ತು ಸ್ಮಾಲ್, ಒಟ್ಟು ಒಂದು ಸೆಕೆಂಡ್ ಒಳಗೆ ಮುಗಿಯುತ್ತವೆ, ನೆಟ್‌ವರ್ಕ್ ಮುಟ್ಟಿದರೆ ಫೇಲ್ ಆಗುವಂತೆ ಮಾಡಿದ್ದೇನೆ. ಮೀಡಿಯಂ ಮೂರು, ಲಾರ್ಜ್ ಒಂದು, ಅದರ ಗಡುವು ಇಷ್ಟು, ಕಾರಣ ಇದು" ಎಂದು ನಿಧಾನವಾಗಿ ಹೇಳಿ. ಮುದ್ದೇಬಿಹಾಳದ 11 ಕೋಡ್ ಪಾಯಿಂಟ್‌ಗಳ ಬಗ್ ಅನ್ನೂ ವಿವರಿಸಿ. ಇಂಗ್ಲಿಷ್ ತಡವರಿಸಿದರೆ ತಡವರಿಸಲಿ. ಬೋರ್ಡ್ ಮೇಲೆ ಆ ಹೆಸರನ್ನು ಬರೆದು, ಒಂದೊಂದು ಚಿಹ್ನೆಯನ್ನೂ ಎಣಿಸಿ ತೋರಿಸಿ.

ಗಿಟ್‌ಹಬ್ ಲಿಂಕ್ ರೆಸ್ಯೂಮೆಯ ಮೊದಲ ಪುಟದಲ್ಲೇ ಇರಲಿ. ಪ್ರಾಜೆಕ್ಟ್‌ನ ರೀಡ್‌ಮಿ ಫೈಲ್‌ನಲ್ಲಿ ಮೂರು ಸಾಲಿನ ಪಟ್ಟಿ ಹಾಕಿ: ಯಾವ ಗಾತ್ರದ ಟೆಸ್ಟ್ ಎಷ್ಟು, ಅದರ ಗಡುವು ಎಷ್ಟು, ಕಳೆದ ಸಲ ಓಡಿದಾಗ ಹಿಡಿದ ಸಮಯ ಎಷ್ಟು. ಪ್ರತಿ ಭಾನುವಾರ ಆ ಪಟ್ಟಿಯ ಅಂಕಿಗಳನ್ನು ಅಪ್‌ಡೇಟ್ ಮಾಡಿ.